ತಂತಿಗೂ ಒಬ್ಬ ನೀರುಗಂಟಿ



ಕೆರೆಯ ಕೆಳಗೆ ಗದ್ದೆ ಮಾಡಿದವರಿಗೆ ನೀರುಗಂಟಿ ಎಂದರೆ ಯಾರೆಂದು ಹೇಳಿಕೊಡಬೇಕಾಗಿಲ್ಲ. ಕೆರೆಯಲ್ಲಿ ಎಷ್ಟು ನೀರಿದೆ, ಯಾರ ಗದ್ದೆ ಒಣಗಿದೆ, ತೂಬನ್ನು ಇವತ್ತು ಎಷ್ಟು ಎತ್ತಬೇಕು, ಯಾರ ಸರದಿ ಯಾವ ಹೊತ್ತಿಗೆ ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿ ಇರುತ್ತಿತ್ತು. ತೂಬಿನ ಹತ್ತಿರದವನು ಬಲವಂತನೆಂದು ಅವನಿಗೇ ಹೆಚ್ಚು ಬಿಟ್ಟರೆ, ಅಚ್ಚುಕಟ್ಟಿನ ಕೊನೆಯವನ ಪೈರು ಸುಟ್ಟುಹೋಗುವುದು. ಆದ್ದರಿಂದ ಊರವರೆಲ್ಲ ಸೇರಿ ನಂಬಿಕೆಯ ಮನುಷ್ಯನನ್ನೇ ಆ ಕೆಲಸಕ್ಕೆ ಇಡುತ್ತಿದ್ದರು.

ಇವತ್ತು ನಾನು ಹೇಳಹೊರಟಿರುವುದು ನೀರಿನ ಮಾತಲ್ಲ, ಕರೆಂಟಿನ ಮಾತು. ಕಾವೇರಿಯಿಂದ ವಿದ್ಯುತ್ತು ಹುಟ್ಟಿ ನೂರ ಇಪ್ಪತ್ತು ವರ್ಷ ದಾಟಿತು. ಇಷ್ಟು ಕಾಲ ಅದು ಯಾರ ಕಡೆಗೆ ಹರಿಯಿತು? ರೈತನ ಸರದಿ ಯಾವಾಗ ಬಂತು? ಬಿಸಿಲಿನಿಂದಲೂ ಗಾಳಿಯಿಂದಲೂ ಕರೆಂಟು ತೆಗೆಯುವ ಈಗಿನ ಕಾಲದಲ್ಲಿ ಅದನ್ನು ಹಂಚುವ ನೀರುಗಂಟಿ ಯಾರು? ಈ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಈ ವಿಷಯದ ಹುಚ್ಚು ನನಗೆ ಹಿಡಿದದ್ದು ಪುಸ್ತಕದಿಂದಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ತೋಟಕ್ಕೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ. ಅಪ್ಪ ಎದ್ದು ಕಂಬಳಿ ಹೊದ್ದು ಹೊರಟರೆ, ಬ್ಯಾಟರಿ ಹಿಡಿಯಲು ನಾನು ಹಿಂದೆ ಹೋಗುತ್ತಿದ್ದೆ. ಒಂದು ರಾತ್ರಿ ಬದುವಿನ ಮೇಲೆ ನಾಗರಹಾವು ಅಡ್ಡ ಬಂತು. ಅಪ್ಪ ನನ್ನನ್ನು ಹಿಂದಕ್ಕೆ ಎಳೆದುಕೊಂಡು ಬಹಳ ಹೊತ್ತು ಮಾತಾಡದೆ ನಿಂತುಬಿಟ್ಟರು. ಹಾವು ಅದರ ಪಾಡಿಗೆ ಹೋಯಿತು. ಆಮೇಲೆ ಅಪ್ಪ ಮೋಟಾರು ಹಾಕಿದರು. ಹತ್ತು ನಿಮಿಷಕ್ಕೆ ಕರೆಂಟೇ ಹೋಯಿತು. "ಹಗಲೆಲ್ಲ ಯಾರಿಗೆ ಕೊಡ್ತಾರೋ ಇವರು?" ಅಂತ ಅಪ್ಪ ಕತ್ತಲೆಯಲ್ಲಿ ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅದು ಶಿವನಸಮುದ್ರದ ತನಕ ಕರೆದುಕೊಂಡು ಹೋಯಿತು.

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಬಂಡೆಯಿಂದ ಕೆಳಗೆ ಬೀಳುವುದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಆ ಬೀಳುವ ನೀರಿನ ಬಲದಿಂದ ಯಂತ್ರ ತಿರುಗಿಸಿ ವಿದ್ಯುತ್ತು ತೆಗೆಯಬಹುದೆಂದು ಮೈಸೂರು ಸಂಸ್ಥಾನದ ಇಂಜಿನಿಯರಾಗಿದ್ದ ಜೋಲಿ ಡಿ ಲಾಟ್ಬಿನಿಯರ್ ಎಂಬುವರು ಯೋಜನೆ ತಯಾರಿಸಿದರು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅದಕ್ಕೆ ಬೆನ್ನಾಗಿ ನಿಂತರು. ಅಮೆರಿಕದಿಂದ ವಿದ್ಯುತ್ ಯಂತ್ರಗಳು, ಸ್ವಿಟ್ಜರ್‌ಲೆಂಡಿನಿಂದ ನೀರಿನ ಚಕ್ರಗಳು ಬಂದವು. 1902ನೆಯ ಇಸವಿ ಜೂನ್ ತಿಂಗಳ ಕೊನೆಯಲ್ಲಿ ಕರೆಂಟು ಹರಿಯಿತು. ಶೇಷಾದ್ರಿ ಅಯ್ಯರ್ ಅವರು 1901ರಲ್ಲೇ ತೀರಿಕೊಂಡಿದ್ದರಿಂದ ಅದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಆ ಕರೆಂಟು ಹೋದದ್ದು ಎಲ್ಲಿಗೆ ಬಲ್ಲಿರಾ? ಪಕ್ಕದ ಹಳ್ಳಿಗಲ್ಲ, ಮೈಸೂರಿಗೂ ಅಲ್ಲ. ಸುಮಾರು 92 ಮೈಲಿ, ಅಂದರೆ 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ! ಅಲ್ಲಿಯವರೆಗೆ ಗಣಿಯವರು ಉಗಿಯಂತ್ರ ಇಟ್ಟು ಸೌದೆ, ಕಲ್ಲಿದ್ದಲು ಉರಿಸುತ್ತಿದ್ದರು, ಖರ್ಚು ಬಹಳವಾಗುತ್ತಿತ್ತು. ಅದಕ್ಕೇ ಅವರು ಕರೆಂಟು ಕೊಳ್ಳಲು ಕರಾರು ಮಾಡಿಕೊಂಡರು. ಆ ಕಾಲಕ್ಕೆ ಲೋಕದ ಬಲು ಉದ್ದದ ತಂತಿಗಳ ಪೈಕಿ ಅದೂ ಒಂದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಎಷ್ಟೋ ಹೊಲಗಳ ಮೇಲೆ ಆ ತಂತಿ ಹಾದುಹೋಯಿತು. ಕೆಳಗೆ ರೈತ ಕಪಿಲೆ ಹೊಡೆಯುತ್ತಲೇ ಇದ್ದ, ಏತ ತುಳಿಯುತ್ತಲೇ ಇದ್ದ.

ನಾನು ಇದನ್ನು ದೂರು ಎಂದು ಹೇಳುತ್ತಿಲ್ಲ. ಕೊಳ್ಳುವವನು ಇಲ್ಲದೆ ಅಷ್ಟು ದೊಡ್ಡ ಕೆಲಸಕ್ಕೆ ಸಂಸ್ಥಾನದವರು ಹಣ ಸುರಿಯುವಂತಿರಲಿಲ್ಲ. ಆದರೆ ಒಂದು ಮಾತು ಗಮನಿಸಿ. ತಂತಿ ಎಳೆಯುವ ದಿನ ಯಾರು ಮುಂದೆ ನಿಂತು ಕರಾರು ಮಾಡಿಕೊಂಡರೋ ಅವರ ಕಡೆಗೆ ಅದು ಹರಿಯಿತು. ಕೇಳದೆ ಇದ್ದವರ ಸರದಿ ಹಿಂದೆ ಬಿತ್ತು.

ನದಿಯ ಕರೆಂಟಿಗೆ ಒಂದು ತೊಡಕುಂಟು. ಮಳೆಗಾಲದಲ್ಲಿ ಕಾವೇರಿ ತುಂಬಿ ಹರಿದರೆ ಯಂತ್ರವೂ ಚೆನ್ನಾಗಿ ತಿರುಗುವುದು. ಬೇಸಿಗೆಯಲ್ಲಿ ನದಿ ಸೊರಗಿದರೆ ಯಂತ್ರವೂ ಸೊರಗುವುದು. ಗಣಿಗೆ ಮಾತ್ರ ವರ್ಷವಿಡೀ ಕರೆಂಟು ಬೇಕು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲು ಇದೂ ಒಂದು ಮುಖ್ಯ ಕಾರಣ. ಆಗ ಮುಖ್ಯ ಇಂಜಿನಿಯರಾಗಿದ್ದವರು ವಿಶ್ವೇಶ್ವರಯ್ಯನವರು. 1911ರಲ್ಲಿ ಕೆಲಸ ಆರಂಭವಾಯಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಡುವುದು, ಅದೇ ನೀರನ್ನು ಕಾಲುವೆಯಿಂದ ಮಂಡ್ಯದ ಸೀಮೆಗೆ ಹರಿಸುವುದು, ಹೀಗೆ ಒಂದೇ ಕಟ್ಟೆಯಿಂದ ಎರಡು ಕೆಲಸ. ರೈತನೂ ಗಣಿಯವನೂ ಇಬ್ಬರೂ ಪಾಲುದಾರರಾದ ಕೆಲಸವೆಂದರೆ ಇದು. ಇಂದು ಬ್ಯಾಟರಿಯಲ್ಲಿ ಕರೆಂಟು ಕೂಡಿಡುವ ಮಾತನ್ನು ದೊಡ್ಡ ಹೊಸತೆಂಬಂತೆ ಆಡುತ್ತಾರೆ. ಇದ್ದಾಗ ಕೂಡಿಟ್ಟು ಇಲ್ಲದಾಗ ತೆಗೆಯುವ ಬುದ್ಧಿ ನಮ್ಮ ಕೆರೆಗಳಷ್ಟೇ ಹಳೆಯದು.

ಆಮೇಲೆ ಶರಾವತಿಯ ಸರದಿ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ಶರಾವತಿಯ ಆ ಒಂದು ವಿದ್ಯುದಾಗಾರದ ಶಕ್ತಿಯೇ ಈಗ 1035 ಮೆಗಾವಾಟ್. ನಾಡಿನ ಕಾರ್ಖಾನೆಗಳು, ಊರಿನ ದೀಪಗಳು, ನಮ್ಮ ಪಂಪ್‌ಸೆಟ್ಟುಗಳು ಬಹುಕಾಲ ನಡೆದದ್ದು ಈ ನದಿಯ ಬಲದಿಂದ. ಆದರೆ ಸಾಗರ, ಹೊಸನಗರದ ಕಡೆಯ ಸಾವಿರಾರು ಕುಟುಂಬಗಳು ಆ ನೀರಿನ ಕೆಳಗೆ ಮನೆ, ಗದ್ದೆ, ಅಡಿಕೆ ತೋಟ ಬಿಟ್ಟು ಎದ್ದುಬಂದವು. ಕೊಟ್ಟ ಜಾಗಕ್ಕೆ ಹಕ್ಕುಪತ್ರದ ಗೋಳು ಇಂದಿಗೂ ತೀರದ ಮನೆಗಳಿವೆ. ನಾವು ಗುಂಡಿ ಒತ್ತಿದಾಗ ಬೆಳಗುವ ದೀಪದಲ್ಲಿ ಅವರ ಪಾಲೂ ಇದೆ ಎಂಬುದನ್ನು ಮರೆಯತಕ್ಕದ್ದಲ್ಲ.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾದ ಮೇಲೆ ಹಳ್ಳಿಗಳ ಕಡೆಗೆ ಕಂಬಗಳು ಬರತೊಡಗಿದವು. ಕಪಿಲೆ ನಿಂತಿತು, ಎತ್ತುಗಳಿಗೆ ಬಿಡುವಾಯಿತು. ತೆರೆದ ಬಾವಿ ಬತ್ತಿ ಕೊಳವೆ ಬಾವಿ ಬಂತು. ಇಂದು ಕರ್ನಾಟಕದಲ್ಲಿ ಮೂವತ್ತು ಲಕ್ಷಕ್ಕೂ ಮೀರಿ ನೀರಾವರಿ ಪಂಪ್‌ಸೆಟ್ಟುಗಳಿವೆ. 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಇದರಿಂದ ಸಣ್ಣ ಹಿಡುವಳಿದಾರನ ಕೈ ಸ್ವಲ್ಪ ಸಡಿಲವಾದದ್ದು ನಿಜ. ಆದರೆ ಹಣ ಕೊಡದವನ ಸರದಿ ಯಾವಾಗಲೂ ಕೊನೆಗೆ. ಹಗಲು ಹೊತ್ತು ಪೇಟೆಯೂ ಕಾರ್ಖಾನೆಯೂ ಹೀರಿ ಮಿಕ್ಕ ಕರೆಂಟು ರಾತ್ರಿ ನಮಗೆ ಬರುತ್ತಿತ್ತು. ಅಪ್ಪ ಕತ್ತಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ಈಗ ಒಂದು ಸೂಕ್ಷ್ಮ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಓದಿಕೊಳ್ಳಿ. ಕೆರೆಯಲ್ಲಿ ನೀರು ನಿಲ್ಲುತ್ತದೆ. ತಂತಿಯಲ್ಲಿ ಕರೆಂಟು ನಿಲ್ಲುವುದಿಲ್ಲ. ಈ ಕ್ಷಣ ನಾವೆಲ್ಲ ಎಷ್ಟು ಬಳಸುತ್ತೇವೋ ಅಷ್ಟೇ ಈ ಕ್ಷಣದಲ್ಲಿ ಹುಟ್ಟಬೇಕು. ಕಣದಲ್ಲಿ ಹಂತಿ ಹೊಡೆಯುವುದನ್ನು ನೆನಸಿಕೊಳ್ಳಿ. ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳೆಲ್ಲ ಒಂದೇ ಹೆಜ್ಜೆ ಹಾಕಬೇಕು. ಒಂದು ಮುಗ್ಗರಿಸಿದರೆ ಸಾಲೆಲ್ಲ ಮುಗ್ಗರಿಸುವುದು. ದೇಶದ ವಿದ್ಯುತ್ ಯಂತ್ರಗಳೂ ಹಾಗೆಯೇ. ಎಲ್ಲವೂ ಸೆಕೆಂಡಿಗೆ 50 ಆವರ್ತದ ಒಂದೇ ತಾಳಕ್ಕೆ ನಡೆಯಬೇಕು. ಬಳಕೆ ಹೆಚ್ಚಿ ಉತ್ಪಾದನೆ ಕಡಿಮೆಯಾದರೆ ತಾಳ ನಿಧಾನವಾಗುತ್ತದೆ. ಬಹಳ ತಪ್ಪಿದರೆ ತಂತಿ ತಾನೇ ಕಡಿದುಕೊಳ್ಳುತ್ತದೆ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಹಾಗೇ ಆಯಿತು. ಎರಡನೆಯ ದಿನ ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು, ರೈಲು ನಿಂತವು. ನಮ್ಮ ದಕ್ಷಿಣದ ಜಾಲ ಆಗ ಆ ತಾಳಕ್ಕೆ ಸೇರಿರಲಿಲ್ಲವಾದ್ದರಿಂದ ನಾವು ಪಾರಾದೆವು. ಮರುವರ್ಷ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ತಂತಿಯ ಮೂಲಕ ದಕ್ಷಿಣವೂ ಸೇರಿತು. ಅಂದಿನಿಂದ ಇಡೀ ದೇಶ ಒಂದೇ ಹಂತಿ. ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆಗುವ ಅನುಕೂಲ ದೊಡ್ಡದು. ಎಚ್ಚರ ತಪ್ಪಿದರೆ ಅಪಾಯವೂ ದೊಡ್ಡದು.

ಇಷ್ಟರಲ್ಲಿ ಹೊಸ ಎತ್ತುಗಳು ಸಾಲಿಗೆ ಬಂದವು. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ತಿರುಗತೊಡಗಿದವು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬಿಸಿಲಿನ ಕರೆಂಟಿಗಾಗಿ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಊರುಗಳ ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಪಡೆದರು. 2019ರ ಕೊನೆಗೆ ಅಲ್ಲಿನ ಶಕ್ತಿ 2050 ಮೆಗಾವಾಟ್ ಆಯಿತು. ಶಿವನಸಮುದ್ರದಲ್ಲಿ ಮೊದಲು ಇಟ್ಟಿದ್ದು 720 ಕಿಲೋವಾಟಿನ ಆರು ಯಂತ್ರ. ಅಂಥ ನಾಲ್ಕುನೂರಕ್ಕೂ ಹೆಚ್ಚು ಶಿವನಸಮುದ್ರಗಳ ಶಕ್ತಿ ಇಂದು ಬರಗಾಲದ ತಾಲ್ಲೂಕಿನ ಬಿಸಿಲಿನಲ್ಲಿದೆ.

ಪಾವಗಡದಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತನ ಹೆಸರಿನಲ್ಲೇ ಉಳಿಸಿ ಗುತ್ತಿಗೆ ಕೊಟ್ಟರು. 28 ವರ್ಷದ ಗುತ್ತಿಗೆ, ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಲಿಂಗನಮಕ್ಕಿಯ ಕಾಲಕ್ಕೆ ಹೋಲಿಸಿದರೆ ಇದು ಮೇಲಾದ ಕ್ರಮ. ಆದರೂ ಇಲ್ಲೊಂದು ಪಾಠವಿದೆ. ಪಹಣಿಯಲ್ಲಿ ಹೆಸರಿದ್ದವನಿಗೆ ಬಾಡಿಗೆ ಬಂತು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಬಾಡಿಗೆಯಲ್ಲಿ ಪಾಲಿಲ್ಲ. ನಿಮ್ಮ ಊರಿಗೆ ಇಂಥ ಯೋಜನೆ ಬಂದ ದಿನ ಮೊದಲೇ ಕೇಳಿಕೊಳ್ಳಬೇಕಾದ ಮಾತಿದು.

ಬಿಸಿಲು, ಗಾಳಿಗಳ ಗುಣ ನಮಗೆ ಹೊಸದಲ್ಲ. "ಗಾಳಿ ಬಂದಾಗ ತೂರಿಕೋ" ಎಂದು ಹಿರಿಯರು ಹೇಳಿಟ್ಟಿದ್ದಾರೆ. ರಾಶಿ ತೂರುವವನು ಗಾಳಿಗೆ ಕಾಯುತ್ತಾನೆಯೇ ಹೊರತು, ಗಾಳಿಯನ್ನು ಗದರಿಸುವುದಿಲ್ಲ. ಬಿಸಿಲಿನ ಕರೆಂಟು ಮಧ್ಯಾಹ್ನ ಉಕ್ಕುತ್ತದೆ, ಸಂಜೆಗೆ ಇಳಿಯುತ್ತದೆ. ಮನೆಮನೆಯ ದೀಪ ಹಚ್ಚುವ ಹೊತ್ತಿಗೇ ಅದಿಲ್ಲ. ಆಗ ನದಿಯ ಯಂತ್ರ, ಕಲ್ಲಿದ್ದಲಿನ ಯಂತ್ರ ಮೇಲೇಳಬೇಕು. ಯಾವುದು ಎಷ್ಟು ಹುಟ್ಟುತ್ತಿದೆ, ಯಾವ ಊರಿಗೆ ಎಷ್ಟು ಬೇಕು, ಎಲ್ಲಿ ತಂತಿಗೆ ಭಾರ ಹೆಚ್ಚಾಗಿದೆ ಎಂಬುದನ್ನು ಗಳಿಗೆ ಗಳಿಗೆಗೂ ಅಳೆದು, ಸುದ್ದಿ ಕಳಿಸಿ, ಹಂಚುವ ಏರ್ಪಾಟಿಗೆ 'ಸ್ಮಾರ್ಟ್ ಗ್ರಿಡ್' ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಅದು ತಂತಿಗೆ ಇಟ್ಟ ನೀರುಗಂಟಿ, ಅಷ್ಟೇ. ಮೈಸೂರಿನ ವಿ.ವಿ. ಮೊಹಲ್ಲಾ ಭಾಗದಲ್ಲಿ ಸುಮಾರು ಇಪ್ಪತ್ತೆರಡು ಸಾವಿರ ಗ್ರಾಹಕರನ್ನು ಸೇರಿಸಿಕೊಂಡು ಇದರ ಪ್ರಯೋಗ ನಡೆದಿದೆ.

ಈ ಏರ್ಪಾಟಿನಲ್ಲಿ ರೈತನಿಗೆ ಹೊಸದೊಂದು ಸ್ಥಾನವಿದೆ. ಇಷ್ಟು ಕಾಲ ತಂತಿ ಒಂದೇ ಕಡೆಗೆ ಹರಿಯಿತು, ಅಣೆಕಟ್ಟೆಯಿಂದ ನಮ್ಮ ಕಡೆಗೆ. ಈಗ ನಮ್ಮ ಹೊಲದಿಂದಲೂ ಹಿಂದಕ್ಕೆ ಹರಿಯಬಹುದು. 2014ರಲ್ಲಿ ಕರ್ನಾಟಕ ಸರ್ಕಾರ 'ಸೂರ್ಯ ರೈತ' ಯೋಜನೆ ತಂದು ಕನಕಪುರ ತಾಲ್ಲೂಕಿನ ಹಾರೋಬೆಲೆಯ ಸುತ್ತ ಪ್ರಯೋಗ ಮಾಡಿತು. ಬಿಸಿಲಿನ ಪಂಪಿನಿಂದ ನೀರೆತ್ತಿ, ಮಿಕ್ಕ ಕರೆಂಟನ್ನು ತಂತಿಗೆ ಮಾರುವ ಕ್ರಮ ಅದು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಇದಕ್ಕಾಗಿಯೇ ಸಹಕಾರ ಸಂಘ ಕಟ್ಟಿಕೊಂಡರು. ಒಬ್ಬೊಬ್ಬರಾಗಿ ಅಲ್ಲ, ಸಂಘವಾಗಿ ವಿದ್ಯುತ್ ಕಂಪನಿಯೊಡನೆ ಕರಾರು ಮಾಡಿಕೊಂಡರು. ಶಿವನಸಮುದ್ರದ ಕಾಲದಲ್ಲಿ ಗಣಿಯವರು ಮಾಡಿದ್ದನ್ನು ಈ ಆರು ಜನ ಮಾಡಿದರು ನೋಡಿ!

ಇದರಲ್ಲಿ ಇನ್ನೊಂದು ಲಾಭ ಅಡಗಿದೆ. ಸುಮ್ಮನೆ ಬರುವ ಕರೆಂಟು ನೀರನ್ನು ಬರಿದು ಮಾಡಿಸುತ್ತದೆ. ಅದೇ ಕರೆಂಟಿಗೆ ಬೆಲೆ ಸಿಗುವುದಾದರೆ, "ಇವತ್ತು ಎರಡು ಗಂಟೆ ಕಡಿಮೆ ಓಡಿಸಿದರೆ ಅಷ್ಟು ದುಡ್ಡು" ಎಂದು ರೈತ ತಾನೇ ಲೆಕ್ಕ ಹಾಕುತ್ತಾನೆ. ಐದು ಅಶ್ವಶಕ್ತಿಯ ಮೋಟಾರು ಗಂಟೆಗೆ ನಾಲ್ಕು ಯೂನಿಟ್ಟಿನ ಆಸುಪಾಸು ಎಳೆಯುತ್ತದೆ. ಒಂದು ಕಿಲೋವಾಟಿನ ಸೌರ ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು ನಾಲ್ಕು ಯೂನಿಟ್ಟು ಕೊಡುತ್ತದೆ. ಎಷ್ಟು ಮಿಕ್ಕೀತೆಂದು ಮನೆಯ ಶಾಲೆಯ ಮಕ್ಕಳೇ ಲೆಕ್ಕ ಮಾಡಿಯಾರು. ಆದರೆ ಬೆಲೆಯ ಕಟ್ಟುಪಾಡಿಲ್ಲದೆ ಬರೀ ಬಿಸಿಲಿನ ಪಂಪು ಕೊಟ್ಟರೆ ಹಗಲೆಲ್ಲ ನೀರೆತ್ತಿ ಅಂತರ್ಜಲ ಇನ್ನೂ ಬೇಗ ಮುಗಿದೀತು. ಮೊದಲ ಕರೆಂಟು ಪಡೆದ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದೇ ಜಿಲ್ಲೆಯ ರೈತ ಇಂದು ಸಾವಿರ ಅಡಿಗೂ ಕೆಳಗೆ ನೀರು ಹುಡುಕುತ್ತಾನೆ. ಚಿನ್ನಕ್ಕೆ ಒಂದು ಕೊನೆಯಿದ್ದಂತೆ ನೀರಿಗೂ ಉಂಟು.

2019ರಲ್ಲಿ ಕೇಂದ್ರ ಸರ್ಕಾರ 'ಕುಸುಮ್' ಯೋಜನೆ ಆರಂಭಿಸಿತು. ಅದರ ಒಂದು ಭಾಗದಲ್ಲಿ, ಹಳ್ಳಿಗೆ ಕರೆಂಟು ಬರುವ ಉಪಕೇಂದ್ರದ ಬಳಿಯೇ ಬಿಸಿಲಿನ ಸ್ಥಾವರ ಹಾಕಿ, ಪಂಪ್‌ಸೆಟ್ಟಿನ ಫೀಡರಿಗೆ ಹಗಲಿನಲ್ಲೇ ಕರೆಂಟು ಕೊಡುವ ಕ್ರಮವಿದೆ. ಇದು ಸರಿಯಾಗಿ ನಡೆದರೆ ರಾತ್ರಿ ತೋಟಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಇನ್ನು ಸಂಜೆಯ ಕರೆಂಟಿಗೆ ಶರಾವತಿಯಲ್ಲಿ ಹಗಲು ನೀರನ್ನು ಮೇಲೆತ್ತಿ ಸಂಜೆ ಕೆಳಗೆ ಬಿಡುವ 2000 ಮೆಗಾವಾಟಿನ ಯೋಜನೆ ರೂಪಿಸಿದ್ದಾರೆ. ಕಾಡು ಹಾಳಾಗುವುದೆಂದು ಅದಕ್ಕೆ ವಿರೋಧವೂ ಇದೆ. ಒಮ್ಮೆ ಎಲ್ಲವನ್ನೂ ಕೊಟ್ಟ ಆ ಕಣಿವೆಯ ಜನರ ಮಾತನ್ನು ಈ ಸಲ ಮೊದಲೇ ಕೇಳುವುದು ನ್ಯಾಯ.

ಹಾಗಾದರೆ ನಾವು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಆಟೋ ಸ್ಟಾರ್ಟರಿನ ಚಟ ಬಿಡಿ. ಕರೆಂಟು ಬಂದ ಕ್ಷಣ ಎಲ್ಲರ ಮೋಟಾರೂ ಒಟ್ಟಿಗೆ ಎದ್ದರೆ ಟಿ.ಸಿ. ಸುಟ್ಟುಹೋಗುವುದು, ವಾರಗಟ್ಟಲೆ ಒಣಗುವುದು ನಮ್ಮೆಲ್ಲರ ಪೈರೇ. ಒಂದು ಟಿ.ಸಿ.ಯ ಕೆಳಗಿರುವವರು ಕೂತು ಮಾತಾಡಿ ಸರದಿ ಹಾಕಿಕೊಳ್ಳಿ. ಕಾಸಿಲ್ಲದೆ ಮಾಡಬಹುದಾದ ಸ್ಮಾರ್ಟ್ ಗ್ರಿಡ್ ಇದೇ.

ಎರಡನೆಯದಾಗಿ, ಮೋಟಾರಿಗೆ ಕೆಪಾಸಿಟರ್ ಹಾಕಿಸಿ; ಹೊಸ ಪಂಪು ಕೊಳ್ಳುವಾಗ ಅದರ ಮೇಲಿನ ನಕ್ಷತ್ರದ ಗುರುತು ನೋಡಿ ಕೊಳ್ಳಿ. ವೋಲ್ಟೇಜು ನಿಲ್ಲುತ್ತದೆ, ವೈಂಡಿಂಗ್ ಸುಡುವುದು ಕಡಿಮೆಯಾಗುತ್ತದೆ.

ಮೂರನೆಯದು ಮೀಟರಿನ ಮಾತು. "ಇವತ್ತು ಮೀಟರು, ನಾಳೆ ಬಿಲ್ಲು" ಎಂಬ ಭಯ ನಿಮಗಿದೆ. ಆ ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಆದರೆ ಅಳತೆಯಿಲ್ಲದ ಕಡೆ ನಮ್ಮ ಪಾಲಿಗೆ ಎಷ್ಟು ಬಂತು, ನಮ್ಮ ಹೆಸರಿನಲ್ಲಿ ಎಷ್ಟು ಬರೆದರು ಎಂಬುದು ನಮಗೇ ತಿಳಿಯುವುದಿಲ್ಲ. ಸೇರಿನಲ್ಲಿ ಅಳೆಯದೆ ರಾಗಿ ಮಾರುವವರುಂಟೇ? ಕರೆಂಟು ಮಾರಬೇಕಾದರೂ ಅಳತೆ ಬೇಕು. ಉಚಿತದ ಹಕ್ಕನ್ನು ಬರಹದಲ್ಲಿ ಭದ್ರ ಮಾಡಿಕೊಂಡು ಅಳತೆಗೆ ಒಪ್ಪುವುದು ಜಾಣತನ.

ನಾಲ್ಕನೆಯದಾಗಿ, ಸೌರ ಸ್ಥಾವರಕ್ಕೆ ಜಮೀನು ಕೇಳಿಕೊಂಡು ಯಾರಾದರೂ ಬಂದರೆ ಒಬ್ಬೊಬ್ಬರೇ ಹೆಬ್ಬೆಟ್ಟು ಒತ್ತಬೇಡಿ. ಎಷ್ಟು ವರ್ಷದ ಗುತ್ತಿಗೆ, ಬಾಡಿಗೆ ಯಾವಾಗ ಏರುತ್ತದೆ, ಗಡುವು ಮುಗಿದ ಮೇಲೆ ಕಬ್ಬಿಣ, ಕಾಂಕ್ರೀಟು ಕಿತ್ತು ಜಮೀನನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಕೊಡುತ್ತಾರೆ, ಕೂಲಿಯವರಿಗೂ ದನ ಕುರಿಗಳಿಗೂ ಏನು ದಾರಿ ಎಂಬ ನಾಲ್ಕು ಮಾತು ಕರಾರಿನಲ್ಲಿ ಇದೆಯೇ ಎಂದು ಓದಿಸಿ ಕೇಳಿ. ಮನೆಯ ಹೆಂಗಸರನ್ನೂ ಕೂರಿಸಿಕೊಂಡು ಕೇಳಿ.

ಕಡೆಯದಾಗಿ, ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಎತ್ತಿ: "ನಮ್ಮ ಫೀಡರಿಗೆ ಹಗಲು ಕರೆಂಟು ಯಾವಾಗ?" ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. 1902ರಲ್ಲಿ ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ. ಅವರಿಗೆ ಕೇಳುವ ದಾರಿಯೂ ಇರಲಿಲ್ಲ. ನಮಗೆ ಇದೆ.

ನಮ್ಮ ಅಪ್ಪನಿಗೆ ಈಗ ವಯಸ್ಸಾಗಿದೆ. ಈಗಲೂ ರಾತ್ರಿ ಹೊರಗೆ ಮೋಟಾರಿನ ಸದ್ದು ಕೇಳಿದರೆ ಎದ್ದು ಕೂರುತ್ತಾರೆ. ನಮ್ಮ ಮಕ್ಕಳಾದರೂ ರಾತ್ರಿ ಹೊತ್ತು ನೆಮ್ಮದಿಯಾಗಿ ಮಲಗಲಿ, ಹಗಲು ಹೊತ್ತು ನೀರು ಕಟ್ಟಲಿ.